ಕಾಕಾನ ಕಾರಿನ ಹಾಜರಿ ಪುಸ್ತಕ

ಕಾರಿಗೆ ಪೆಟ್ಟು ಬಿದ್ದ ಕೂಡಲೇ ಅದರ ಮಾಲಕನ ಬಾಯಾಗ ಒಂದು ಹೊಸಾ ಕಥಿ ಹುಟ್ಟತೈತಿ. ಸುಮ್ಮನ ಹೇಳಾಕತ್ತಿಲ್ರಿ, ಹೈದರಾಬಾದಿನ ಒಂದು ಇನ್ಶೂರೆನ್ಸ್ ಆಫೀಸಿನ್ಯಾಗ ಇಪ್ಪತ್ತು ವರ್ಷ ಕ್ಲೇಮು ನೋಡಿದಾಂವ ನಾನು. ಊರಿಗೆ ಸಾಫ್ಟ್‌ವೇರ್ ಕಂಪನಿಗಳು ಬಂದು, ಕಂಡಕಂಡವರೆಲ್ಲಾ ಕಾರು ತಗೊಂಡ ಆ ದಿನದಾಗ ನನ್ನ ಕೆಲಸ ಒಂದ ಆಗಿತ್ತು. ಗುದ್ದಿದ ಹೊತ್ತಿನ್ಯಾಗ ಈ ಗಾಡಿ ಏನು ಮಾಡಾಕತ್ತಿತ್ತು ಅಂತ ಪತ್ತೆ ಹಚ್ಚೂದು. ಮನಿ ಬಳಕಿಗೆ ಅಂತ ಪಾಲಿಸಿ ತಗೊಂಡು, ಬಾಡಿಗಿಗೆ ಓಡಿಸಿದ್ರ ಇಲ್ಲಾ ದಂಧೆಕ್ಕ ಹಚ್ಚಿದ್ರ ಪಾಲಿಸಿ ರದ್ದು. ಎಷ್ಟೋ ಮಂದಿದು ನಾನ ರದ್ದು ಮಾಡಿಸೀನಿ. ಕಡೀಕ ನಮ್ಮ ಸ್ವಂತ ಕಾಕಾನ ಕಾರೂ ಅದ ಮೇಜಿನ ಮ್ಯಾಲೆ ಬಂತು. ಅದನ್ನ ಹೇಳಾಕ ಕುಂತೀನಿ. ಆದ್ರ ಮೊದಲ ಎರಡು ಸಣ್ಣ ಕಥಿ ಕೇಳ್ರಿ, ಆಗ ನಾ ಯಾಕ ಅಷ್ಟು ಅಂಜಿದ್ದೆ ಅಂತ ನಿಮಗೂ ತಿಳೀತೈತಿ.

ಏಳು ಮಂದಿ ಬೀಗರು

ಸಾಫ್ಟ್‌ವೇರ್ ಕಂಪನಿಗಳಿರೂ ಮಾದಾಪುರದ ರೋಡಿನ್ಯಾಗ ಒಂದು ದೊಡ್ಡ ಗಾಡಿ ಡಿವೈಡರಿಗೆ ಗುದ್ದಿತ್ತು. ನಾನು ಹೋಗೂದ್ರಾಗ ಏಳು ಮಂದಿ ಹುಡುಗ ಹುಡುಗ್ಯಾರು ಫುಟ್‌ಪಾತಿನ ಮ್ಯಾಲೆ ನಿಂತಿದ್ರು. ಮಾಲಕ ಕೈ ಮುಗದು ಮುಂದ ಬಂದ.

"ಇವರೆಲ್ಲಾ ಯಾರ್ರಿ?" ಅಂದೆ.

"ನಮ್ಮ ಬೀಗರು ಸರ್. ಮದುವಿಗೆ ಹೊಂಟಿದ್ವಿ."

ಏಳೂ ಮಂದಿ ಕೊಳ್ಳಾಗ ಒಂದ ನಮೂನಿ ನೀಲಿ ಪಟ್ಟಿ, ಅದಕ್ಕ ಒಂದ ಕಂಪನಿಯ ಫೋಟೋ ಕಾರ್ಡು. "ಬೀಗರೆಲ್ಲಾ ಒಂದ ಕಂಪನ್ಯಾಗ ಅದಾರಲ್ರಿ?" ಅಂತ ಕೇಳಿದೆ.

"ಹೌದು ಸರ್. ಹಂಗಾಗೇ ಸಂಬಂಧ ಕುದುರಿತು!" ಅಂದ. ಧೈರ್ಯ ಅಂದ್ರ ಧೈರ್ಯ, ಮೆಚ್ಚಬೇಕು.

ನಾನು ಆ ಬೀಗರೊಳಗ ಒಬ್ಬಾಕಿಗೆ ಕೇಳಿದೆ, "ಏನವ್ವ, ಈ ನಿಮ್ಮ ಬೀಗರ ಹೆಸರೇನು?"

ಆ ಹುಡುಗಿ ಪಾಪ, ಸುಳ್ಳು ಹೇಳಿ ರೂಢಿ ಇಲ್ಲದಾಕಿ. ಅವನ ಮುಖ ನೋಡಿದ್ಲು, ನನ್ನ ಮುಖ ನೋಡಿದ್ಲು. "ಹೆಸರು ಗೊತ್ತಿಲ್ಲ ಸರ್," ಅಂದ್ಲು, "ನಾವೆಲ್ಲಾ ಕ್ಯಾಬ್ ನಂಬರ್ ಹದಿನಾಲ್ಕು ಅಂತ ಕರೀತೀವಿ."

ಉಬ್ಬಿದ ಸಾಕ್ಷಿ

ಜೀಡಿಮೆಟ್ಲಾದ ಕಡೆ ಒಬ್ಬಾಂವನ ಕಾರಿಗೆ ಲಾರಿ ಹಿಂದಿಂದ ಗುದ್ದಿ ಡಿಕ್ಕಿ ಮುಚ್ಚಳ ಗಪ್ಪಂತ ಕೂತಬಿಟ್ಟಿತ್ತು. ನಾನು ಗ್ಯಾರೇಜಿಗೆ ಹೋಗಿದ್ದು ಮರುದಿನ ಮಧ್ಯಾಹ್ನ. ಬ್ಯಾಸಗಿ ಬಿಸಲು, ತಲಿ ಸುಡಾಕತ್ತಿತ್ತು.

"ಕುಟುಂಬ ಕರಕೊಂಡು ಗುಡಿಗೆ ಹೊಂಟಿದ್ದೆ ಸರ್," ಅಂದ ಮಾಲಕ.

"ಡಿಕ್ಕ್ಯಾಗ ಏನೈತಿ?"

"ಏನಿಲ್ಲ ಸರ್, ಮನಿಗೆ ಸ್ವಲ್ಪ ಇಡ್ಲಿ ಹಿಟ್ಟು."

"ಮನ್ಯಾಗ ಎಷ್ಟು ಮಂದಿ?"

"ಮೂರು."

ಅಷ್ಟೊತ್ತಿಗೆ ಮುಚ್ಚಳದ ಸಂದ್ಯಾಗಿಂದ ಬೆಳ್ಳಗ ಏನೋ ಇಣುಕಿತು. ಇಬ್ಬರೂ ನೋಡಿದ್ವಿ. ನೋಡನೋಡತಾ ಅದು ಉಬ್ಬಿ ಉಬ್ಬಿ, ಗ್ಯಾರೇಜಿನವರು ಕಬ್ಬಿಣದ ಹಾರಿ ಹಾಕಿ ಮೀಟಿದ್ರೂ ತೆಗೀದ ಮುಚ್ಚಳ ಫಟ್ ಅಂತ ತಾನ ತಗೀತು! ಒಳಗ ಎರಡು ದೊಡ್ಡ ಡ್ರಮ್ಮು. ಫ್ಯಾಕ್ಟರಿ ಕ್ಯಾಂಟೀನುಗಳಿಗೆಲ್ಲಾ ದಿನಾ ಹಿಟ್ಟು ಮುಟ್ಟಸೂದು ಇವನ ದಂಧೆ. ಹಿಟ್ಟು ನಿಧಾನಕ್ಕ ಇಳದು ಬಂದು ನಂಬರ್ ಪ್ಲೇಟು ಮುಚ್ಚಿತು.

ಪಾಲಿಸಿ ಹೋತು ಅಂತ ಅವನಿಗೂ ಗೊತ್ತಾತು. ಆದ್ರೂ ಆ ಹಿಟ್ಟು ನೋಡಿ ಅವನ ಮುಖ ಅರಳಿತು. ಬೆರಳಿಲೆ ಒಂದು ಚೂರು ತಗೊಂಡು ನನಗ ತೋರಿಸಿ, "ಏನರೆ ಆಗ್ಲಿ ಸರ್, ಈ ಸಲ ಉದ್ದು ಭಾಳ ಛಲೋ ಬಂದೈತಿ," ಅಂದ.

ಕಾಕಾ ಮತ್ತ ಆಫೀಸಿಗೆ ಹೊಂಟ್ರು

ಇನ್ನ ನಮ್ಮ ಕಾಕಾ. ನಮ್ಮಪ್ಪನ ತಮ್ಮ. ರೆವಿನ್ಯೂ ಆಫೀಸಿನ್ಯಾಗ ಮೂವತ್ತೆಂಟು ವರ್ಷ ಕೆಲಸಾ ಮಾಡಿ ಹೆಡ್ ಕ್ಲರ್ಕ್ ಆಗಿ ರಿಟೈರ್ ಆದವರು. ಮನಿ ದಿಲ್‌ಸುಖ್‌ನಗರದಾಗ. ರಿಟೈರ್ ಆದಾಗ ಬಂದ ರೊಕ್ಕದಾಗ ಬಿಳಿ ಕಾರು ತಗೊಂಡ್ರು. ಪಾಲಿಸಿ ಅರ್ಜಿ ತುಂಬಿದಾಂವ ನಾನ, "ಮನಿ ಬಳಕಿಗೆ ಮಾತ್ರ" ಅನ್ನೂ ಕಡೆ ಟಿಕ್ ಹಾಕಿದಾಂವನೂ ನಾನ.

ಕಾರು ಬಂತು, ಆದ್ರ ಹೋಗಾಕ ಜಾಗಾ ಇಲ್ಲ. ಮುಂಜಾನೆ ಒಂಬತ್ತಕ್ಕ ಇಸ್ತ್ರಿ ಅಂಗಿ ಹಾಕ್ಕೊಂಡು ಮನ್ಯಾಗ ಕುಂತು ಕಾಕೂನ ಕೆಲಸದಾಗ ತಪ್ಪು ಹುಡುಕೂದು. ಹದಿನೈದು ದಿನಕ್ಕ ಕಾಕು ಕೈ ಮುಗದ್ಲು. "ಎಲ್ಲೆರೆ ಹೋಗ್ರಿ ಮಾರಾಯ್ರ! ನನ್ನ ಸಾರಿಗೆ ಷರಾ ಬರೀಬ್ಯಾಡ್ರಿ."

ಕಾಕಾ ಹೊಂಟ್ರು. ದಿನಾ ಮಾದಾಪುರದ ತನಕ ಕಾರು ಹೊಡಕೊಂಡು ಹೋಗೂದು, ಬೇವಿನ ಗಿಡದ ಬುಡಕ ನಿಲ್ಲಿಸಿ ಚಾ ಕುಡಿಯೂದು, ಪೇಪರ್ ಓದೂದು, ಸಂಜಿ ಐದಕ್ಕ ಆಫೀಸು ಬಿಟ್ಟಂಗ ತಿರಗಿ ಬರೂದು. ಓಣಿಯ ಬಸ್‌ಸ್ಟಾಪಿನ್ಯಾಗ ನಾಕು ಸಾಫ್ಟ್‌ವೇರ್ ಹುಡುಗ ಹುಡುಗ್ಯಾರು ಅದ ಕಡೆ ಹೋಗಾಕ ಬಸ್ಸಿಗೆ ಕಾಯತಿದ್ರು. "ಬರ್ರಿ, ಗಾಡಿ ಖಾಲಿ ಹೊಂಟೈತಿ," ಅಂತ ಕಾಕಾ ತಾವ ಕರೆದು ಹತ್ತಿಸಿಕೊಂಡ್ರು. ಒಂದು ಪೈಸಾ ಮುಟ್ಟಲಿಲ್ಲ. ಅವರ ಮನಸು ಹಂಗ, ದೊಡ್ಡದು.

ಆದ್ರ ಮೂವತ್ತೆಂಟು ವರ್ಷದ ಚಟ ಎಲ್ಲಿಗೆ ಹೋದೀತು? ಡ್ಯಾಶ್‌ಬೋರ್ಡಿಗೆ ದಾರಾ ಕಟ್ಟಿ ಒಂದು ಹಾಜರಿ ಪುಸ್ತಕ ಇಟ್ರು. ಹತ್ತಿದ ಕೂಡಲೇ ಸಹಿ ಹಾಕಿ ಟೈಮು ಬರೀಬೇಕು. ಇಳಿಯೂ ಮುಂದ ಮತ್ತ ಸಹಿ. ಐದು ನಿಮಿಷ ತಡ ಆದ್ರ ಕೆಂಪು ಶಾಯಿ. ದಾರಿ ತುಂಬಾ ರೆವಿನ್ಯೂ ಆಫೀಸಿನ ಕಥಿ.

ಒಂದು ದಿನ ಕಳೆದುಹೋದ ಫೈಲಿನ ಕಥಿ ರಂಗೇರಿತ್ತು. ಆ ಫೈಲು ಎಷ್ಟು ದಪ್ಪ ಅಂತ ತೋರಸಾಕ ಕಾಕಾ ಎರಡೂ ಕೈ ಸ್ಟೇರಿಂಗ್ ಬಿಟ್ರು. ಕಾರು ಸೀದಾ ಹೋಗಿ, ಕಟ್ಟಾಕತ್ತಿದ್ದ ಬಿಲ್ಡಿಂಗಿನ ಉಸುಕು ಹತ್ತಿ, ಅತ್ಲಾಗಿನ ಕಾಂಕ್ರೀಟ್ ಮಿಕ್ಸರಿಗೆ ಮೂತಿ ಕೊಟ್ಟಿತು. ಯಾರಿಗೂ ಒಂದು ಗೀರು ಇಲ್ಲ, ದೇವರು ದೊಡ್ಡಾಂವ. ಬಾನೆಟ್ಟು ಮಾತ್ರ ಹಪ್ಪಳ. ಬಾನೆಟ್ಟಿನಿಂದ ಹೊಗಿ ಏಳಾಕತ್ತಿದ್ರೂ ಕಾಕಾ ಎರಡೂ ಕೈ ಹಂಗ ಹಿಡಕೊಂಡು, "ಇಷ್ಟು ದಪ್ಪ!" ಅಂದ್ರಂತ.

ಸಹಿ

ನಮ್ಮ ಮನಿ ಗಾಡಿ ಅಂತ ಆಫೀಸಿನವರು ನನ್ನ ದೂರ ಇಟ್ಟು ಬ್ಯಾರೆಯವರನ್ನ ಕಳಿಸಿದ್ರು. ಅವರಿಗೆ ಸಿಕ್ಕಿದ್ದು ಹಾಜರಿ ಪುಸ್ತಕ. ದಿನಾ ನಾಕು ಮಂದಿ, ಹತ್ತಿದ ಟೈಮು, ಇಳಿದ ಟೈಮು, ಸಹಿ. ಮನಿ ಗಾಡ್ಯಾಗ ಯಾರ್ರಿ ಇಂಥ ಲೆಕ್ಕಾ ಇಡತಾರ? ಎಂಟು ದಿನಕ್ಕ ಕಾಗದ ಬಂತು. ಗಾಡಿ ಬಾಡಿಗಿಗೆ ಓಡಾಕತ್ತಿತ್ತು, ಕ್ಲೇಮು ಇಲ್ಲ, ಪಾಲಿಸಿ ರದ್ದು.

ಕಾಕಾ ಕಾಗದ ಹಿಡಕೊಂಡು ಸಣ್ಣ ಮುಖ ಮಾಡಿ ಕುಂತಿದ್ರು. "ಇಡೀ ಸರ್ವಿಸಿನ್ಯಾಗ ಒಂದೂ ಮೆಮೋ ತಗೊಂಡಾಂವಲ್ಲ ನಾನು. ಈಗ ನಾ ಟ್ಯಾಕ್ಸಿ ಓಡಿಸಿ ಸುಳ್ಳು ಹೇಳೀನಿ ಅಂತ ಬರದಾರಲ್ಲೋ," ಅಂದ್ರು. ಕಾರು ರಿಪೇರಿ ಮಾಡಸಾಕ ಅವರ ಹತ್ರ ಮತ್ತ ರೊಕ್ಕ ಇರಲಿಲ್ಲ. ನಾನು ದೊಡ್ಡ ಸಾಹೇಬರ ಕಾಲು ಹಿಡಿಯೂದೊಂದ ಬಾಕಿ, ಅಷ್ಟು ಬೇಡಿಕೊಂಡು ಒಂದು ವಿಚಾರಣೆ ಇಡಿಸಿದೆ.

ಕೋಠಿಯ ನಮ್ಮ ಆಫೀಸಿಗೆ ಕಾಕಾ, ಕಾಕು, ಆ ನಾಕು ಹುಡುಗರು ಬಂದ್ರು. ಸಾಹೇಬರು ತೆಲುಗಿನವರಾದ್ರೂ ರಾಯಚೂರಾಗ ಭಾಳ ವರ್ಷ ಇದ್ದವರು, ಕನ್ನಡ ಛಲೋ ಬರತಿತ್ತು.

"ಬಾಡಿಗಿ ಎಷ್ಟು ಕೊಡತಿದ್ರಿ?" ಅಂತ ಹುಡುಗರಿಗೆ ಕೇಳಿದ್ರು.

ಆ ನಾಲ್ವರೊಳಗ ದೊಡ್ಡಾಕಿ ಒಬ್ಬ ಹುಡುಗಿ. "ಬಾಡಿಗಿನಾ? ಅವರ ನಮಗ ಕೊಡಬೇಕಾಗಿತ್ತು ಸರ್!" ಅಂದ್ಲು. "ಒಂದೂವರಿ ತಾಸಿನ ದಾರಿ, ದಿನಾ ರೆವಿನ್ಯೂ ಆಫೀಸು. ಆ ಆಫೀಸಿನ ಕಪಾಟಿನ ಕೀಲಿ ಎಲ್ಲೆಲ್ಲೆ ಇಡತಿದ್ರು ಅಂತ ನನಗ ನಿದ್ದ್ಯಾಗೂ ಗೊತ್ತೈತಿ."

"ಕಣ್ಣು ಮುಚ್ಚಿದ್ರ ಷರಾ ಬರೀತಾರ ಸರ್," ಅಂದ ಬಾಜೂಕಿನ ಹುಡುಗ.

ಸಾಹೇಬರು ಪುಸ್ತಕ ತಗದ್ರು. ಕಡೀ ಕಾಲಮ್ಮಿನ ಕೆಂಪು ಶಾಯಿ ಷರಾ ಆ ತನಕಾ ಯಾರೂ ಓದಿದ್ದಿಲ್ಲ. ಇಂಗ್ಲಿಷಿನ್ಯಾಗ ಇದ್ದದ್ದನ್ನ ಕಾಕೂಗ ತಿಳೀಲಿ ಅಂತ ಕನ್ನಡ ಮಾಡಿ ಜೋರಾಗಿ ಓದಿದ್ರು. "ಕಥೆಯ ನಡುವೆ ನಿದ್ರಿಸಿದ್ದು, ಎಚ್ಚರಿಕೆ ನೀಡಲಾಗಿದೆ. ಎರಡನೇ ಸಲ ನಿದ್ರೆ, ಕಿಟಕಿ ಸೀಟು ಹಿಂಪಡೆಯಲಾಗಿದೆ. ಆಕಳಿಸಿದ್ದಕ್ಕೆ ಲಿಖಿತ ಕ್ಷಮಾಪಣೆ ಪಡೆಯಲಾಗಿದೆ."

ಸಾಹೇಬರು ಕನ್ನಡಕ ತಗದು ಕಣ್ಣು ಒರಿಸಿಕೊಂಡ್ರು. ಹೊಟ್ಟಿ ಕುಣಿಯಾಕತ್ತಿತ್ತು. "ರೊಕ್ಕ ಕೊಟ್ಟ ಗಿರಾಕಿ ಕಡಿಂದ ಯಾವ ಟ್ಯಾಕ್ಸಿಯಾಂವ ಕ್ಷಮಾಪಣಿ ಬರಸಿಕೋತಾನ್ರಿ? ಇದು ಬಾಡಿಗಿ ಗಾಡಿ ಅಲ್ಲ, ಖರೇ," ಅಂದ್ರು. ನನಗ ಹೋದ ಜೀವ ಬಂತು. ಅವರು ಅಲ್ಲೆ ಒಂದು ಹೇಳಿಕಿ ಬರಸಿದ್ರು. ಯಾರೂ ಬಾಡಿಗಿ ಕೊಟ್ಟಿಲ್ಲ, ಕಥಿ ಕೇಳೂ ತ್ರಾಸು ತಡಕೊಂಡು ಪುಕ್ಕಟೆ ಹೋಗ್ಯಾರ ಅಂತ. "ಯಜಮಾನ್ರ, ಇದಕ್ಕ ಸಹಿ ಹಾಕ್ರಿ. ಪಾಲಿಸಿ ಮತ್ತ ಚಾಲೂ, ಕ್ಲೇಮೂ ಪಾಸು."

ಕಾಕಾ ಓದಿದ್ರು. ಪೆನ್ನು ಕೆಳಗ ಇಟ್ಟು ಎದ್ದ ನಿಂತ್ರು.

"ತ್ರಾಸು?" ಅಂದ್ರು. "ತಲಿಗೆ ಹತ್ತು ರೂಪಾಯಿ ತಗೊಂಡೀನಿ ಅಂತ ಬರಕೋರಿ. ಪಾಲಿಸಿ ರದ್ದು ಮಾಡ್ರಿ, ಕಾರು ಗುಜರಿಗೆ ಹಾಕ್ರಿ. ನನ್ನ ಕಥಿ ತ್ರಾಸು ಅಂತ ಮಾತ್ರ ನಾ ಸಹಿ ಹಾಕೂದಿಲ್ಲ!"

"ಕಾಕಾ, ನಿಮ್ಮ ಕಾಲಿಗೆ ಬೀಳತೀನಿ," ಅಂದೆ. ಹುಡುಗರು ಕಥಿ ಭಾಳ ಛಲೋ ಇದ್ವು ಅಂತ ಒದರಿದ್ರು. ಕಾಕಾ ಗ್ವಾಡಿ ಕಡೆ ಮುಖ ಮಾಡಿ ನಿಂತ್ರು.

ಆಗ ಇಷ್ಟೊತ್ತನಕ ಸೆರಗು ಹೊತಗೊಂಡು ಸುಮ್ಮನ ಕುಂತಿದ್ದ ಕಾಕು ಎದ್ದು, ಪೆನ್ನು ತಗೊಂಡು ಕಾಕಾನ ಕೈಯಾಗ ತುರುಕಿದ್ಲು.

"ಈ ಹುಡುಗರಿಗೆ ಕಥಿ ಜೋಡಿ ಕಾರರೆ ಸಿಕ್ಕಿತು. ನಾ ಮೂವತ್ತೈದು ವರ್ಷ ಅಡಗಿಮನ್ಯಾಗ ನಿಂತ ಕೇಳೀನಿ. ಸುಮ್ಮನ ಸಹಿ ಹಾಕ್ರಿ!"

ಕಾಕಾ ಸಹಿ ಹಾಕಿದ್ರು.