ಕರೆಂಟು ಹೋದ ಪಂದ್ಯ

ಸಾಕ್ಷಿಯಿಲ್ಲದ ಮಾತನ್ನು ನಾನು ನಂಬುವವನಲ್ಲ. ಇದು ಹುಟ್ಟುಗುಣವೇನಲ್ಲ, ಹೈಸ್ಕೂಲಿನಿಂದ ಕಾಲೇಜು ಮುಗಿಯುವವರೆಗೆ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡು ಸಂಪಾದಿಸಿದ ಚಟ. ಅಲ್ಲಿ ಚೀಟಿ ಎತ್ತಿ, ಪರವೋ ವಿರೋಧವೋ ಎಂದು ಗೊತ್ತಾದ ಐದು ನಿಮಿಷಕ್ಕೆಲ್ಲ ಆ ಪಕ್ಷವೇ ಪರಮಸತ್ಯ ಎಂದು ಮೇಜು ಗುದ್ದಬೇಕು. ಒಂದು ವಾರ ಮಂಡ್ಯದಲ್ಲಿ ‘ಮೊಬೈಲಿನಿಂದ ಯುವಜನ ಹಾಳಾದರು’ ಎಂದು ಗುಡುಗಿದವನು, ಮರುವಾರ ಮದ್ದೂರಿನಲ್ಲಿ ‘ಮೊಬೈಲಿನಿಂದಲೇ ಯುವಜನರ ಉದ್ಧಾರ’ ಎಂದು ಗುಡುಗಿ, ಎರಡೂ ಕಡೆಯಿಂದ ಫಲಕ ಹೊತ್ತು ತಂದಿದ್ದೇನೆ. ಅವು ಈಗಲೂ ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿ ಒಂದನ್ನೊಂದು ನೋಡಿಕೊಂಡು ನಿಂತಿವೆ. ಅವ್ವ ಸಾರಿಗೆ ಉಪ್ಪು ಹಾಕಿದ್ದೀನಿ ಅಂದರೂ ನಾನು ನಾಲಿಗೆಗಿಟ್ಟು ನೋಡಿಯೇ ಒಪ್ಪುವುದು. ಆದರೆ ಒಂದೇ ಒಂದು ಸಂಗತಿಯನ್ನು ಮಾತ್ರ ಯಾವ ಸಾಕ್ಷಿಯೂ ಇಲ್ಲದೆ ಹದಿನೈದು ವರ್ಷದಿಂದ ನಂಬಿಕೊಂಡು ಬಂದಿದ್ದೇನೆ. ನನ್ನ ಹತ್ತನೇ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ, ವಿಡಿಯೋ ಗೇಮಿನಲ್ಲಿ ನಾನು ಅಕ್ಕನನ್ನು ಸೋಲಿಸಿದ್ದೆ.

ಸೋಲಿಸಿದ್ದೆ ಅಂದರೆ, ಸೋಲಿಸುವುದರಲ್ಲಿದ್ದೆ. ಆಗ ಅಪ್ಪ ಮಂಡ್ಯದ ಹತ್ತಿರದ ಕೃಷಿ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸಕ್ಕಿದ್ದರು. ಯಾವುದೋ ಹಬ್ಬಕ್ಕೆ ಒಂದು ವಿಡಿಯೋ ಗೇಮ್ ತಂದುಕೊಟ್ಟಿದ್ದರು. ಕಪ್ಪು ಡಬ್ಬಿ, ಅದಕ್ಕೆ ಬಾಲದಂತೆ ವೈರಿದ್ದ ಎರಡು ರಿಮೋಟು, ಹಳದಿ ಬಣ್ಣದ ಒಂದು ಕ್ಯಾಸೆಟ್ಟು. ಕ್ಯಾಸೆಟ್ಟು ಓಡದಿದ್ದರೆ ತೆಗೆದು, ಬಾಯಿಂದ ಊದಿ, ಮತ್ತೆ ಹಾಕಬೇಕು. ಊದುವ ಹಕ್ಕು ಅಕ್ಕನದು. ನನ್ನ ಬಾಯಲ್ಲಿ ಎಂಜಲು ಜಾಸ್ತಿ ಎಂಬುದು ಅವಳ ವಾದ. ವೈರು ಮೊಳದುದ್ದ ಮಾತ್ರ ಇದ್ದದ್ದರಿಂದ ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ಚುಚ್ಚುವ ಹಾಗೆ ಕೂರಬೇಕಿತ್ತು. ಅಂದಿನ ಪಣ ಸಣ್ಣದಲ್ಲ. ಮಾರನೆಯ ದಿನ ಮನೆಯವರೆಲ್ಲ ಮುತ್ತತ್ತಿಗೆ ಹೊರಟಿದ್ದೆವು. ಗೆದ್ದವರಿಗೆ ಬಸ್ಸಿನಲ್ಲಿ ಕಿಟಕಿ ಸೀಟು. ಕಾರಿನ ಪಂದ್ಯ, ಕೊನೆಯ ತಿರುವು, ನನ್ನ ಕೆಂಪು ಕಾರು ಅಕ್ಕನ ನೀಲಿ ಕಾರಿಗಿಂತ ಅಂಗೈಯಗಲ ಮುಂದಿದೆ. ಅಷ್ಟರಲ್ಲಿ ಟಿ.ವಿ. ಕಪ್ಪಾಯಿತು. ಕರೆಂಟು ಹೋಯಿತು. ನಮ್ಮ ಕಡೆ ಅದು ಹೋಗುವುದು ಸುದ್ದಿಯೇ ಅಲ್ಲ, ಇದ್ದರೆ ಸುದ್ದಿ. ‘ಗೆದ್ದಿದ್ದು ನಾನು’ ಎಂದು ನಾನು, ‘ಆಟ ಮುಗ್ದೇ ಇಲ್ಲ’ ಎಂದು ಅಕ್ಕ, ರಾತ್ರಿ ಊಟದವರೆಗೂ ಕಿತ್ತಾಡಿದೆವು. ಕಿಟಕಿ ಸೀಟಿನಲ್ಲಿ ಕೊನೆಗೆ ಕೂತದ್ದು ಅವ್ವ, ಬಸ್ಸಿನಲ್ಲಿ ಅವಳಿಗೆ ವಾಂತಿ ಬರುತ್ತದೆ ಎಂಬ ಕಾರಣಕ್ಕೆ. ನನ್ನ ಚರ್ಚಾಜೀವನ ಶುರುವಾದದ್ದು ಅಂದೇ. ಮುಂದೆ ಎಷ್ಟು ಫಲಕ ಗೆದ್ದರೂ ಅಕ್ಕನನ್ನು ಒಪ್ಪಿಸಲಾಗಲಿಲ್ಲ. ಅವಳು ಮದುವೆಯಾಗಿ ಮಳವಳ್ಳಿಗೆ ಹೊರಟ ದಿನವೂ ಕಾರಿನ ಬಾಗಿಲ ಹತ್ತಿರ ಬಗ್ಗಿ, “ಕರೆಂಟ್ ಓಗಿತ್ತು, ನೆನಪಿರ್ಲಿ” ಎಂದಳು. ಎಲ್ಲರೂ ಅಳುತ್ತಿದ್ದಾರೆ, ನಾನು ಉತ್ತರ ಹುಡುಕುತ್ತಿದ್ದೇನೆ.

ಈಗ ಗೆಜ್ಜಲಗೆರೆಯ ಕಾರ್ಖಾನೆಯೊಂದಕ್ಕೆ ದಿನಾ ಬೈಕಿನಲ್ಲಿ ಹೋಗಿಬರುತ್ತೇನೆ. ಅಲ್ಲಿನ ಸಹೋದ್ಯೋಗಿಯೊಬ್ಬ, ಮೊಬೈಲಿನ ಆಟವನ್ನು ಟಿ.ವಿ.ಯಲ್ಲಿ ಆಡಬಹುದು, ವೈರಿಲ್ಲದ ಕಂಟ್ರೋಲರ್ ಸಿಗುತ್ತವೆ ಎಂದ. ‘ಆಧಾರ ಏನು?’ ಎಂದೆ. ಅವನು ನನ್ನನ್ನು ಮನೆಗೇ ಕರೆದು ಆಧಾರ ತೋರಿಸಿದ. ಮರುವಾರ ನನ್ನ ಮನೆಯಲ್ಲೂ ಎರಡು ಕಂಟ್ರೋಲರ್ ಇದ್ದವು. ಫೋನಿನಿಂದ ಟಿ.ವಿ.ಗೆ ಒಂದು ವೈರು, ಅದನ್ನು ಮರೆಮಾಡಲು ನನ್ನ ಫಲಕಗಳು, ಅವುಗಳ ಹಿಂದೆ ಫೋನು. ಕಂಟ್ರೋಲರ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೂ ಕಾರು ಓಡಿಸಬಹುದು. ಒಂದೇ ತಕರಾರು: ಗುಂಡಿ ಒತ್ತಿದ ಮೇಲೆ ಕಾರು ಒಂದು ಕ್ಷಣ ಯೋಚನೆ ಮಾಡಿ ತಿರುಗುತ್ತದೆ. ಇದಕ್ಕೆ ಒಗ್ಗಿಕೊಳ್ಳಲು ಎರಡು ವಾರ ಅಭ್ಯಾಸ ಮಾಡಿದೆ. ಯಾಕೆ ಅಂತ ಅವ್ವ ಕೇಳಿದಳು. ಕೈಗೆ ವ್ಯಾಯಾಮ ಎಂದೆ.

ಕಳೆದ ಭಾನುವಾರ ಅಕ್ಕ ಬಂದಳು. ಊಟ ಮುಗಿಸಿ ಚಾಪೆ ಹಾಸಿ, ಒಂದು ಕಂಟ್ರೋಲರನ್ನು ಏನೂ ಗೊತ್ತಿಲ್ಲದವನಂತೆ ಅವಳ ಮುಂದೆ ಇಟ್ಟೆ.

“ಏನ್ಲಾ ಇದು, ಬಾಲನೇ ಇಲ್ಲ?” ಎಂದು ತಿರುಗಿಸಿ ನೋಡಿದಳು. ಕಾರಿನ ಪಂದ್ಯ ಎಂದೆ. ಅವಳ ಕಣ್ಣು ಸಣ್ಣಗಾಯಿತು. “ಸರಿ ಬುಡು. ಇವತ್ತು ಯಾರ್ ಗೆಲ್ತಾರೋ ಅವತ್ತಿಂದೂ ಅವರ್ದೇ. ಆಮೇಕೆ ಸಾಯೋಗಂಟ ಮಾತಾಡಂಗಿಲ್ಲ. ಆಯ್ತಾ?”

ಒಂದು ಪಂದ್ಯದ ತೀರ್ಪನ್ನು ಹದಿನೈದು ವರ್ಷ ಹಿಂದಕ್ಕೆ ಹಾಕಲು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವಳಿಗೆ ಅಭ್ಯಾಸವಿಲ್ಲ ಎಂಬುದೂ ಗೊತ್ತಿತ್ತು. ಹಾಗಾಗಿ ಒಪ್ಪಿಕೊಂಡೆ.

ವೈರಿಲ್ಲದಿದ್ದರೂ ಇಬ್ಬರೂ ಟಿ.ವಿ.ಗೆ ಮೂಗು ತಾಗಿಸಿ, ಪಕ್ಕೆಗೆ ಮೊಣಕೈ ಚುಚ್ಚಿಕೊಂಡೇ ಕೂತೆವು. ಕೆಂಪು ನನ್ನದು, ನೀಲಿ ಅವಳದು. ಆಟ ತಾನಾಗಿ ಓಡಿಸುವ ಒಂದು ಹಸಿರು ಕಾರು ಎಲ್ಲೋ ಹಿಂದೆ ಬರುತ್ತಿತ್ತು. ಅಕ್ಕ ಬೇಗ ಕಲಿತಳು. ಕಾರಿನ ಜೊತೆ ತಾನೂ ವಾಲುತ್ತ, ತಿರುವಿನಲ್ಲಿ ನನ್ನ ಭುಜಕ್ಕೆ ಡಿಕ್ಕಿ ಹೊಡೆದಳು. ಆದರೂ ಕೊನೆಯ ತಿರುವಿಗೆ ನಾನೇ ಮುಂದಿದ್ದೆ. ಅಂಗೈಯಗಲ ಅಲ್ಲ, ಮಾರುದ್ದ. ಅಷ್ಟರಲ್ಲಿ ಟಿ.ವಿ. ಕಪ್ಪಾಯಿತು.

“ಕರೆಂಟ್ ಹೋಯ್ತು!” ಎಂದು ಕೂಗಿದವನು ನಾನೇ. ಕರೆಂಟು ಹೋದರೆ ಆಟವೂ ನಿಂತಂತೆ. ಇಬ್ಬರೂ ಕಂಟ್ರೋಲರ್ ಚಾಪೆಯ ಮೇಲಿಟ್ಟು ಕೆಲಸಕ್ಕೆ ಇಳಿದೆವು.

“ಗೆದ್ದಿದ್ದು ನಾನು!”

“ಗೆರೆ ದಾಟಿದ್ಯಾ? ಇಲ್ವಲ್ಲ. ಆಟ ಮುಗ್ದಿಲ್ಲ.”

“ಮಾರುದ್ದ ಮುಂದಿದ್ದೆ!”

“ಮುಂದಿರೋರೆಲ್ಲ ಗೆಲ್ಲಂಗಿದ್ರೆ ಡ್ರೈವರ್‌ಗೇ ಕಪ್ ಕೊಡ್ಬೇಕು, ಬಸ್ಸಲ್ಲಿ ಅವ್ನೇ ಮುಂದ್ಗಡೆ ಕೂತಿರಾದು.”

ಈ ಹೋಲಿಕೆ ಎಷ್ಟು ತಪ್ಪು ಎಂದು ಮೂರು ಅಂಶಗಳಲ್ಲಿ ವಿವರಿಸುತ್ತಿದ್ದಾಗ ಅವ್ವ ಅಡುಗೆಮನೆಯಿಂದ ಬಂದು, ಸೆರಗಿನಿಂದ ಕತ್ತು ಒರೆಸಿಕೊಂಡು, ನಮ್ಮಿಬ್ಬರ ನಡುವೆ ನಿಂತು ಮುಖ ಮೇಲೆತ್ತಿದಳು.

“ಉಸ್ಸಪ್ಪ, ಏನ್ ಸೆಕೆ. ಯಾಕ್ರಲಾ ಇಂಗ್ ಬಡ್ಕತೀರಿ?”

“ಕರೆಂಟ್ ಹೋಯ್ತು ಕಣವ್ವ.”

“ಎಲ್ಲೋಗದೆ? ತಲೆ ಮ್ಯಾಲೆ ಫ್ಯಾನ್ ತಿರುಗ್ತಾ ಅದಲ್ಲ, ಕಣ್ ಕಾಣಕಿಲ್ವಾ?”

ಮೇಲೆ ನೋಡಿದೆ. ಫ್ಯಾನು ತಿರುಗುತ್ತಿತ್ತು. ಅದರ ಗಾಳಿಗೆ ನನ್ನ ಕೂದಲು ಹಾರಾಡುತ್ತಿತ್ತು. ಕೆಳಗೆ ನೋಡಿದೆ. ಟಿ.ವಿ.ಯ ಎಕ್ಸ್‌ಟೆನ್ಷನ್ ಬಾಕ್ಸ್ ಚಾಪೆಯ ಅಂಚಿನಲ್ಲಿತ್ತು. ಅಕ್ಕನ ಕಾಲಿನ ಹೆಬ್ಬೆರಳು ಅದರ ಸ್ವಿಚ್ಚಿನ ಮೇಲಿತ್ತು. ಆಗ ಕೇಳಿಸಿತು, ಫಲಕಗಳ ಹಿಂದಿನಿಂದ ಒಂದು ಸಣ್ಣ ಜಯಘೋಷ. ಟಿ.ವಿ. ಆರಿದರೂ ಆಟ ಫೋನಿನಲ್ಲಿ ನಡೆದೇ ಇತ್ತು. ತೆಗೆದು ನೋಡಿದರೆ, ನಾವು ಕೈಬಿಟ್ಟ ಎರಡೂ ಕಾರುಗಳು ಗೆರೆಗೆ ಸ್ವಲ್ಪ ಹಿಂದೆ ರಸ್ತೆಬದಿಯಲ್ಲಿ ನಿಂತಿವೆ. ಹಸಿರು ಕಾರಿನವನು ಕಪ್ ಎತ್ತಿ ಕುಣಿಯುತ್ತಿದ್ದಾನೆ.

ಹಸಿರು ಕಾರು ಹಾಳಾಗಿ ಹೋಗಲಿ. ನಾನು ಆ ಹೆಬ್ಬೆರಳನ್ನೇ ನೋಡುತ್ತ ಕೇಳಿದೆ, “ಅವತ್ತೂ ಇದೇ ಕಾಲಾ?”

ಅಕ್ಕ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. “ಕಿಟಕಿ ಬೇಕಾಗಿತ್ತು ಕಣ್ಲಾ” ಎಂದಳು. ಆಮೇಲೆ ನಗು ತಡೆಯಲಾಗದೆ, “ಅವತ್ತೂ ಫ್ಯಾನ್ ತಿರುಗ್ತಿತ್ತು. ನೀನು ನೋಡ್ತೀಯ ಅಂತ ಎದ್ರಿಕಂಡಿದ್ದೆ. ನೋಡ್ನೇ ಇಲ್ಲ ನೀನು. ಓಗ್ಲಿ, ಗೆದ್ದೋನು ನೀನೇ. ಸಾಕಾ?”

ಹದಿನೈದು ವರ್ಷ ಕಾದ ಮಾತು. ಎದುರಾಳಿಯ ಬಾಯಿಂದಲೇ ಬಂದ ತೀರ್ಪು. ಆದರೆ ಇನ್ನು ಮೇಲೆ ಅಕ್ಕ ಬಂದಾಗ ಏನು ಮಾತಾಡುವುದು? ಊಟ ಆಯ್ತಾ, ಭಾವ ಚೆನ್ನಾಗಿದ್ದಾರಾ, ಮಳೆ ಬಂತಾ?

“ಸಾಧ್ಯವೇ ಇಲ್ಲ” ಎಂದೆ. “ಒಂದು, ಆಗ ನಿನ್ನ ಕಾಲು ಅಷ್ಟು ಉದ್ದ ಇರಲಿಲ್ಲ. ಎರಡು, ಆ ಹೊತ್ತಿಗೆ ದಿನಾ ಕರೆಂಟ್ ಹೋಗ್ತಿತ್ತು. ಮೂರು, ಕೊನೆ ತಿರುವಿನಲ್ಲಿ ನಾನು ಯಾವಾಗಲೂ ಗೋಡೆಗೆ ಗುದ್ದುತ್ತಿದ್ದೆ. ಆಟ ಮುಗಿದಿರಲಿಲ್ಲ.”

“ಲೇ, ಗೆದ್ದೆ ಅಂದ್ರೂ ಬ್ಯಾಡ ಅಂತೀಯಲ್ಲಾ!”

“ಇವನ್ಗೆ ಕಪ್ ತಂದ್ಕೊಟ್ರೂ ಇದ್ಕೆ ಹಿಡಿ ಯಾಕದೆ ಅಂತಾನೆ, ಬುಡವ್ವ” ಎಂದು ಅಕ್ಕನಿಗೆ ಹೇಳಿ ಅವ್ವ ಟಿ.ವಿ. ಹಾಕಿಕೊಂಡು ತನ್ನ ಧಾರಾವಾಹಿಗೆ ಕೂತಳು.

ಸಂಜೆ ಬಸ್‌ಸ್ಟ್ಯಾಂಡಿನವರೆಗೂ ನಾನು ವಿರೋಧ, ಅವಳು ಪರ. ಮಳವಳ್ಳಿ ಬಸ್ಸಿನಲ್ಲಿ ಅವಳಿಗೆ ಕಿಟಕಿ ಸೀಟೇ ಸಿಕ್ಕಿತು. ಬಸ್ಸು ಹೊರಟಾಗ ತಲೆ ಹೊರಗೆ ಹಾಕಿ, “ಗೆದ್ದೋನು ನೀನೇ ಕಣ್ಲಾ, ಒಪ್ಕ!” ಎಂದು ಕೂಗಿದಳು. “ಸಾಕ್ಷಿ ಎಲ್ಲಿ?” ಎಂದು ನಾನೂ ಕೂಗಿದೆ. ಕಡಲೆಕಾಯಿ ಮಾರುವವನು ಬುಟ್ಟಿ ಇಳಿಸಿ ನನ್ನನ್ನೇ ನೋಡಿದ.

ಮನೆಗೆ ಬಂದರೆ ಅವ್ವ ಎಕ್ಸ್‌ಟೆನ್ಷನ್ ಬಾಕ್ಸನ್ನು ಎತ್ತಿ ಫಲಕಗಳ ಪಕ್ಕ ಇಟ್ಟಿದ್ದಳು. ಇನ್ನು ಯಾರ ಕಾಲಿಗೂ ಸಿಗದು. ಅವಳು ಒಳಗೆ ಹೋದ ಮೇಲೆ ಅದನ್ನು ಮತ್ತೆ ಕೆಳಗಿಳಿಸಿ, ಚಾಪೆಯ ಮೇಲೆ ಅಕ್ಕನ ಜಾಗದಲ್ಲಿ ಕೂತು, ಕಾಲು ಚಾಚಿ ಅಳತೆ ನೋಡಿ, ಹೆಬ್ಬೆರಳಿಗೆ ಸರಿಯಾಗಿ ಎಟಕುವ ಕಡೆ ಇಟ್ಟಿದ್ದೇನೆ. ಯಾಕೆ ಅಂತ ಅವ್ವ ಕೇಳಿದರೆ ಹೇಳಲು ಮೂರು ಅಂಶ ಸಿದ್ಧವಾಗಿವೆ. ಮೂರೂ ಸುಳ್ಳು.