ಬ್ಯಾಡ್ಜರ್ ಕಚ್ಚಿದ ಮೇಲೆ ನನ್ನ ಎಡತೋಳು

ಪುಕ್ಕಲುತನದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸ್ವೀಡನ್ನಿನ ಲಿಂಕೋಪಿಂಗ್‌ನ ಪ್ರಯೋಗಾಲಯವೊಂದರಲ್ಲಿ, ಕ್ಷಯದ ರೋಗಾಣು ಎದುರಾದರೆ ಕಾಡಿನಲ್ಲಿ ಬಿಲ ತೋಡಿ ಬದುಕುವ ಬ್ಯಾಡ್ಜರುಗಳ ರಕ್ತ ಹೇಗೆ ತಿರುಗಿಬೀಳುತ್ತದೆ ಎಂದು ಅಳೆಯುವುದು ನನ್ನ ಕೆಲಸ. ರಕ್ತ ಮಾತ್ರ ಕೊಳವೆಯಲ್ಲಿ ನನ್ನ ಮೇಜಿಗೆ ಬರುತ್ತದೆ. ಹಲ್ಲು ಕಾಡಿನಲ್ಲೇ ಉಳಿಯುತ್ತದೆ. ಈ ಏರ್ಪಾಡು ನನಗೆ ಬಹಳ ಹಿಡಿಸಿತ್ತು. ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ, ಜನ ಸಾಲದೆಂದು ಸಹೋದ್ಯೋಗಿ ಕಾರಿನ್ ನನ್ನನ್ನೂ ಕಾಡಿಗೆ ಎಳೆದೊಯ್ದಳು. ಬೋನಿಗೆ ಬಿದ್ದ ಬ್ಯಾಡ್ಜರಿಗೆ ಅರಿವಳಿಕೆ ಕೊಟ್ಟು ಮಲಗಿಸಿದ್ದಳು. ಮುಖಕ್ಕೆ ಕಪ್ಪುಬಿಳಿ ಪಟ್ಟೆ, ನಮ್ಮನೆಯ ಕುಕ್ಕರಿಗಿಂತ ದಪ್ಪ ಹೊಟ್ಟೆ. ನಾನು ಕಾಲು ಹಿಡಿದೆ, ಅವಳು ಸೂಜಿ ಚುಚ್ಚಿದಳು. ಆಗ ಅದರ ಕಿವಿ ಅಲುಗಿತು. "ಕಾರಿನ್, ಕಿವಿ..." ಎನ್ನುವಷ್ಟರಲ್ಲಿ ಹಲ್ಲು ನನ್ನ ಕೈಗವಸು ದಾಟಿ ಹೆಬ್ಬೆರಳಿಗೆ ಇಳಿದಿತ್ತು. ಆ ಕಿವಿ ಈಗಲೂ ಕಣ್ಣಮುಂದೆ ಅಲುಗುತ್ತದೆ.

ಆಸ್ಪತ್ರೆಯ ನರ್ಸ್ ಗಾಯ ತೊಳೆದು, ಯಾವುದಕ್ಕೂ ಇರಲಿ ಎಂದು ಕ್ಷಯದ ಚರ್ಮಪರೀಕ್ಷೆಗೂ ಮೊಣಕೈ ಕೆಳಗೆ ಚುಚ್ಚಿದಳು. ಮೈಯಲ್ಲಿ ಕ್ಷಯವಿದ್ದರೆ ಆ ಜಾಗ ಊದುತ್ತದೆ. ಫಾರಂನಲ್ಲಿ, ಕ್ಷಯದ ಲಸಿಕೆ ಹಾಕಿಸಿಕೊಂಡಿದ್ದೀರಾ ಎಂಬಲ್ಲಿ ಧೈರ್ಯವಾಗಿ "ಇಲ್ಲ" ಎಂದು ಬರೆದೆ. ಮೂರನೇ ದಿನ ಚುಚ್ಚಿದಲ್ಲಿ ಪುಟ್ಟ ಇಡ್ಲಿಯಂಥ ಊತ. ಬ್ಯಾಡ್ಜರ್ ಕೊಟ್ಟ ರೋಗವಾದರೆ ಇಷ್ಟು ಬೇಗ ಊದುವುದಿಲ್ಲ. ಅಷ್ಟು ನನಗೆ ಗೊತ್ತು. ಅಂದರೆ ಕ್ಷಯ ಮೊದಲೇ ನನ್ನೊಳಗಿದೆ! ನಾಲ್ಕು ವರ್ಷದ ಮಗಳು ದಿನಾ ನನ್ನ ತಟ್ಟೆಯಲ್ಲೇ ಉಣ್ಣುತ್ತಾಳೆ. ನರ್ಸ್ ರಕ್ತ ತೆಗೆದು, ವರದಿಗೆ ಒಂದು ವಾರ ಕಾಯಿರಿ ಎಂದಳು.

"ಪುಟ್ಟಿ, ಅಪ್ಪನ ಹತ್ರ ಹೋಗ್ಬೇಡ. ಈ ವಾರ ಡಾಗಿಸ್ ಶಾಲೆಗೆ ಹೋಗಿ ಮಕ್ಕಳ ಜೊತೆ ಆಡೋದೂ ಬೇಡ," ಎಂದಳು ಹೆಂಡತಿ ಶುಭಾ. ಮಗಳು ಬಾಗಿಲ ಸಂದಿಯಿಂದ ಸ್ವೀಡಿಷಿನಲ್ಲಿ ಕೇಳಿದಳು: "ಅಪ್ಪ ಬ್ಯಾಡ್ಜರ್ ಆಗ್ತಾ ಇದಾರಾ?" ನಗಲು ಹೋದರೆ ಕೆಮ್ಮು ಬಂತು. ಶುಭಾ ಮಗಳನ್ನು ಎಳೆದುಕೊಂಡು ಬಾಗಿಲು ಹಾಕಿದಳು.

ಕಾಯುವ ವಾರದ ಐದನೇ ದಿನ ತಡೆಯಲಾರದೆ ದಾವಣಗೆರೆಗೆ ಫೋನ್ ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ.

"ಲೋ, ನಿನ್ನ ಎಡತೋಳಲ್ಲಿ ಗುಂಡಗೆ ಕಲೆ ಇಲ್ವೇನೋ? ಹುಟ್ಟಿದ ವಾರಕ್ಕೇ ಕ್ಷಯದ ಸೂಜಿ ಹಾಕ್ಸಿದ್ದು ಅದು! ಕೀವು ಒರೆಸಿ ಒರೆಸಿ ನಂಗೆ ಸಾಕಾಗಿತ್ತು. ಅಲ್ಲಿ ಕೂತು ಏನ್ ಓದ್ತಿದ್ದೀಯೋ ನೀನು?"

ತೋಳು ತಿರುಗಿಸಿ ನೋಡಿದೆ. ಕಾಲೇಜಿನಲ್ಲಿ ಆ ಕಲೆಯನ್ನು ಕ್ರಿಕೆಟ್ ಚೆಂಡಿನ ಏಟೆಂದು ಹೇಳಿಕೊಂಡು ತಿರುಗಿದ್ದೆ. ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ಎರಡು ದಿನಕ್ಕೆ ವರದಿ ಬಂತು: ರಕ್ತದಲ್ಲಿ ಕ್ಷಯದ ಸುಳಿವಿಲ್ಲ, ಊತ ಹಳೆಯ ಲಸಿಕೆಯದೇ ಇರಬೇಕು. ಮಗಳು ಮತ್ತೆ ನನ್ನ ತಟ್ಟೆಗೆ ಕೈ ಹಾಕಿದಳು. ನಾನೂ ಅರ್ಧಕ್ಕೆ ನಿಲ್ಲಿಸಿದ್ದ ಲೇಖನಕ್ಕೆ ಮರಳಿದೆ. ಒಮ್ಮೆ ಲಸಿಕೆ ಪಡೆದ ಬ್ಯಾಡ್ಜರಿನ ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದು ಅದರ ಮೊದಲ ಸಾಲು. ನನ್ನ ಮೈಯೂ, ಪಾಪ, ನೆನಪಿಟ್ಟುಕೊಂಡಿತ್ತು. ತಲೆಗೆ ಮಾತ್ರ ದಾವಣಗೆರೆಯಿಂದ ಹೇಳಿಸಬೇಕಾಯಿತು.