ಇಂಚಿಗೆ ಮೂವತ್ತೆರಡು ಹಲ್ಲು

ಹೆಡ್ ಗುಮಾಸ್ತರಿಗೆ ಹೆಂಡತಿಯ ತಮ್ಮನನ್ನು ಕಂಡರೆ ಮೈಯೆಲ್ಲ ಉರಿ. ಅವನು ಬಡಗಿ. ಹನ್ನೆರಡು ವರ್ಷದಲ್ಲಿ ಈ ಮನೆಯ ಒಂದು ಮೊಳೆಯನ್ನೂ ಅವರ ಕೈಗೆ ಬಿಟ್ಟವನಲ್ಲ. "ಬಿಡಿ ಭಾವ, ನಿಮಗ್ಯಾಕೆ ತೊಂದರೆ" ಎಂದು ಸುತ್ತಿಗೆ ಕಿತ್ತುಕೊಂಡುಬಿಡುತ್ತಿದ್ದ.

ಈ ಭಾನುವಾರ ಹಾಗಾಗಕೂಡದು. ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಗೆ ಮಳೆ ತಾಗದಂತೆ ಮೇಲೊಂದು ಫೈಬರ್ ಶೀಟು ಹೊದಿಸಬೇಕಿತ್ತು. ತಂದ ಶೀಟು ಮೂರು ಬೆರಳು ಅಗಲ ಹೆಚ್ಚಾಗಿತ್ತು. (ಅಳತೆ ತೆಗೆದವರು ಯಾರೆಂದು ದಯವಿಟ್ಟು ಕೇಳಬೇಡಿ.)

"ಹನ್ನೆರಡಕ್ಕೆ ತಮ್ಮ ಬರ್ತಾನಲ್ಲ, ಅವನೇ ಕೊಯ್ದುಕೊಡ್ತಾನೆ ಬಿಡ್ರೀ," ಎಂದಳು ಹೆಂಡತಿ, ವಾರದ ಬಟ್ಟೆಯನ್ನೆಲ್ಲ ತಂತಿಗೆ ಹರವುತ್ತ.

"ಅವನು ಬರೋಷ್ಟರಲ್ಲಿ ಕೊಯ್ದಿರ್ತೀನಿ. ಇಲ್ದಿದ್ರೆ ಈ ಜನ್ಮದಲ್ಲಿ ಸುತ್ತಿಗೆ ಮುಟ್ಟಲ್ಲ!"

ಹಾರ್ಡ್‌ವೇರ್ ಅಂಗಡಿಯಲ್ಲಿ ಅವರು ಎಲ್ಲಕ್ಕಿಂತ ದೊಡ್ಡ ಗರಗಸಕ್ಕೇ ಕೈ ಹಾಕಿದರು. ಅಂಗಡಿಯವನು ಹೌಹಾರಿದ.

"ಅಯ್ಯೋ ಸಾರ್, ಅದು ಮರ ಕೊಯ್ಯೋದು! ತೆಳು ಶೀಟಿನ ಅಂಚೆಲ್ಲ ಸಿಬಿರೆದ್ದು ಹಾಳಾಗುತ್ತೆ. ಈ ಹ್ಯಾಕ್ಸಾ ತಗೊಳ್ಳಿ. ಬ್ಲೇಡು ನೋಡಿ, ಇಂಚಿಗೆ ಮೂವತ್ತೆರಡು ಹಲ್ಲು."

"ಇಂಚಿಗೇ? ನನ್ನ ಇಡೀ ಬಾಯಲ್ಲೇ ಇಪ್ಪತ್ತಾರು ಉಳಿದಿರೋದು!"

"ಗೆರೆ ಮೇಲೆ ಟೇಪ್ ಅಂಟಿಸ್ಕೊಂಡು ನಿಧಾನಕ್ಕೆ ಕೊಯ್ಯಿರಿ. ಧೂಳು ಮಾತ್ರ ಮೈಗೆ ತಾಗಿದ್ರೆ ವಿಪರೀತ ತುರಿಕೆ. ಹುಷಾರು."

ಗುಮಾಸ್ತರು ಹುಷಾರಾದರು. ಮಾಸ್ಕು, ಗ್ಲೌಸು, ಕಣ್ಣಿಗೆ ಕನ್ನಡಕ ಧರಿಸಿ ಹಿತ್ತಲಲ್ಲಿ ಯುದ್ಧಸನ್ನದ್ಧರಾದರು. ಧೂಳು ತಮ್ಮ ಕಡೆ ಸುಳಿಯದಿರಲೆಂದು ಬೆನ್ನ ಹಿಂದೆ ಟೇಬಲ್ ಫ್ಯಾನನ್ನೂ ಜೋರಾಗಿ ತಿರುಗಿಸಿಟ್ಟರು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕೊಯ್ದು ಮುಗಿಸಿ ಸ್ನಾನಕ್ಕೆ ಹೋದರು.

ಬಂದ ಬಡಗಿ ಅಂಚಿನ ಮೇಲೆ ಬೆರಳಾಡಿಸಿದ. ಮತ್ತೊಮ್ಮೆ ಆಡಿಸಿದ.

"ಭಾವ, ನಿಜವಾಗ್ಲೂ ನೀವೇ ಕೊಯ್ದಿದ್ದಾ? ಭೇಷ್!"

ಗುಮಾಸ್ತರ ಕಣ್ಣು ತುಂಬಿಬಂತು. ಆಗತಾನೆ ತಂತಿಯಿಂದ ತೆಗೆದು ತೊಟ್ಟಿದ್ದ ಅಂಗಿಯೊಳಗೆ ಎದೆ ಉಬ್ಬಿತು. ಉಬ್ಬಿದ ಎದೆ ತುರಿಸತೊಡಗಿತು. ಬೆನ್ನೂ ತುರಿಸಿತು. ತಂತಿಯ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ ಬಡಗಿ ಪರಪರ ಕೆನ್ನೆ ಕೆರೆದುಕೊಂಡ.

ಹೆಂಡತಿ ಫ್ಯಾನನ್ನು ನೋಡಿದಳು. ಅದರ ಎದುರಿಗಿದ್ದ ತಂತಿಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ರೀ! ವಾರದ ಬಟ್ಟೆ ಪೂರ್ತಿ!"

ಅರ್ಧ ಗಂಟೆಯ ನಂತರ ಹೆಡ್ ಗುಮಾಸ್ತರು ಹೆಂಡತಿಯ ಹಳೆಯ ನೈಟಿ ತೊಟ್ಟು (ಬೀರುವಿನಲ್ಲಿ ಉಳಿದಿದ್ದುದು ಅದೊಂದೇ) ಮೂರನೇ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಸೊಂಟ ಬಿದ್ದುಹೋಗಿತ್ತು. ಮೆಟ್ಟಿಲ ಮೇಲೆ ಕಾಫಿ ಹೀರುತ್ತಿದ್ದ ಭಾವಮೈದುನನತ್ತ ಆಸೆಯಿಂದ ನೋಡಿದರು. 'ಬಿಡಿ ಭಾವ' ಅನ್ನೋ ಮಾರಾಯ, ಒಂದೇ ಒಂದು ಸಲ ಅನ್ನು!

ಅವನು ಲೋಟ ಕೆಳಗಿಟ್ಟ.

"ಇಲ್ಲ ಭಾವ, ನನಗೆ ಬುದ್ಧಿ ಬಂತು. ಇನ್ಮೇಲೆ ನಿಮ್ಮ ಕೆಲಸಕ್ಕೆ ನಾನು ಕೈ ಹಾಕಲ್ಲ."